ನೀರು ಬರೆಯುವ ಕೆಲಸ

ಏಣಿಯಿಂದಲೇ ಶುರು ಮಾಡುತ್ತೇನೆ. ಬಿದಿರಿನ ಏಣಿಯಾದರೆ ಹತ್ತುವ ಮೊದಲು ಕೆಳಗಿನ ಎರಡು ಮೆಟ್ಟಿಲನ್ನು ತುಳಿದು ನೋಡಬೇಕು. ಸೀರೆ ಉಟ್ಟಿದ್ದರೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಗಂಡಸರ ಅಂಗಿ ಹಾಕಿಕೊಳ್ಳಬೇಕು. ಬಣ್ಣದ ಡಬ್ಬಿಯನ್ನು ಕೈಯಲ್ಲಿ ಹಿಡಿಯಬಾರದು. ಕೊಕ್ಕೆ ಹಾಕಿ ಮೆಟ್ಟಿಲಿಗೆ ತೂಗುಬಿಡಬೇಕು. ಕೆಳಗೆ ನಿಂತು "ಹೆಂಗ್ಸು ಏಣಿ ಹತ್ತವ್ಳೆ ನೋಡ್ಲಾ" ಅನ್ನುವವರಿಗೆ ಉತ್ತರ ಕೊಡಲು ತಿರುಗಬಾರದು. ನಾನು ಒಮ್ಮೆ ತಿರುಗಿದೆ. ಹಾಸನದ ಒಂದು ಬಟ್ಟೆ ಅಂಗಡಿಯ ಮುಂದೆ ಬಿದ್ದು ಎಡಗೈ ಮುರಿಯಿತು. ಬಲಗೈ ನೆಟ್ಟಗಿತ್ತಲ್ಲ, ಮುಂದಿನ ವಾರ ಬೋರ್ಡಿನ ಕೆಳಗಿನ ಸಾಲು ಬರೆದು ಮುಗಿಸಿದೆ.

ಈಗ ಎರಡು ವರ್ಷದಿಂದ ಮಂಡಿ ಏಣಿಯನ್ನು ಒಪ್ಪುತ್ತಿಲ್ಲ. ನಾನು ಬಿಡುವ ಹೊತ್ತಿಗೆ ಶಾಲೆ, ಆಸ್ಪತ್ರೆ, ಕಚೇರಿಗಳ ಗೋಡೆಗೆ ಮತ್ತೆ ಕೈಯಲ್ಲಿ ಚಿತ್ರ ಬರೆಸುವ ಕಾಲ ಬಂದಿದೆ. ಹೆಣ್ಣುಮಕ್ಕಳೂ ಬರುತ್ತಿದ್ದಾರೆ. ಅವರಿಗೆಂದು ನೆನಪಾದದ್ದನ್ನು ನೆನಪಾದ ಹಾಗೆ ಬರೆಯುತ್ತಿದ್ದೇನೆ. ಸನ್ಮಾನ, ಶಾಲು, ಹಾರದ ವಿಚಾರ ಇದರಲ್ಲಿಲ್ಲ. ಅವು ಇದ್ದದ್ದೂ ಕಡಿಮೆಯೇ.

ನಮ್ಮಪ್ಪ ಹೊಳೆನರಸೀಪುರದಲ್ಲಿ ನಾಟಕದ ಸೀನರಿ ಬರೆಯುತ್ತಿದ್ದರು. ಸುತ್ತಲ ಹಳ್ಳಿಗಳಲ್ಲಿ ಸುಗ್ಗಿ ಮುಗಿದರೆ ಊರವರೇ ವೇಷ ಕಟ್ಟಿ ಪೌರಾಣಿಕ ನಾಟಕ ಆಡುತ್ತಿದ್ದರು. ಅದಕ್ಕೆ ಬೇಕಾದ ಅರಮನೆ, ಕಾಡು, ಬೀದಿ, ಸಮುದ್ರದ ಪರದೆಗಳು ನಮ್ಮ ಮನೆಯಿಂದ ಗಾಡಿಯಲ್ಲಿ ಹೋಗುತ್ತಿದ್ದವು. ಅಪ್ಪ ಕಂಬ, ಕಮಾನು, ಸಿಂಹಾಸನದಲ್ಲಿ ಪಳಗಿದ ಕೈ. ಸಮುದ್ರವೆಂದರೆ ಅವರಿಗೆ ಬೇಜಾರು. "ಅದ್ರಲ್ಲಿ ಏನೈತವ್ವ ಬರಿಯಕ್ಕೆ? ನೀಲಿ ಬಳಿ, ಮ್ಯಾಲೆ ಬಿಳಿ ಎಳಿ" ಎಂದು ಹದಿನಾಲ್ಕು ವರ್ಷದ ನನ್ನ ಕೈಗೆ ಕುಂಚ ಕೊಟ್ಟುಬಿಟ್ಟರು. ಹಾಗೆ ನೀರು ನನ್ನ ಪಾಲಿಗೆ ಬಂತು. ಸಮುದ್ರ ನೋಡಿದವಳಲ್ಲ. ಹೇಮಾವತಿಯ ದಂಡೆಯಲ್ಲಿ ಬಟ್ಟೆ ಒಗೆಯಲು ಹೋದಾಗ ನೀರು ಕಲ್ಲಿಗೆ ಬಡಿದು ಹೇಗೆ ಮಡಚಿಕೊಳ್ಳುತ್ತದೆ ಎಂದು ನೋಡಿಕೊಂಡು ಬಂದು, ಅದನ್ನೇ ಇಪ್ಪತ್ತು ಪಟ್ಟು ದೊಡ್ಡದು ಮಾಡಿ ಪರದೆಗೆ ಹಾಕುತ್ತಿದ್ದೆ.

ನನ್ನ ಮೊದಲ ದೊಡ್ಡ ತಪ್ಪು ಆ ಕಾಲದ್ದು. ಒಂದು ಊರಿನವರು ಪರದೆಗೆ ಅವಸರ ಮಾಡಿದರು. ಸಮುದ್ರ ಇನ್ನೂ ಹಸಿಯಿತ್ತು. ಮುಟ್ಟಿ ನೋಡದೆ ಅದನ್ನೂ ಅರಮನೆಯ ಪರದೆಯನ್ನೂ ಒಟ್ಟಿಗೆ ಸುತ್ತಿ ಕಳುಹಿಸಿದೆ. ನಾಟಕದ ಮೊದಲ ದೃಶ್ಯದಲ್ಲಿ ಅರಮನೆ ಇಳಿಯಿತು. ಕಂಬಗಳ ಮೇಲೆಲ್ಲ ಅಲೆ, ಸಿಂಹಾಸನದ ಪಕ್ಕದಲ್ಲಿ ನೊರೆ. ಜನ ನಗಲು ಶುರು ಮಾಡಿದರು. ರಾಜನ ವೇಷ ಹಾಕಿದ್ದವರು ಆ ಊರಿನ ಹಿರಿಯ ರೈತರು. ಅವರು ಒಂದು ಕ್ಷಣ ಪರದೆ ನೋಡಿ, ಪಂಚೆಯ ಅಂಚು ಎತ್ತಿ ಹಿಡಿದು, "ಎಲೈ ಮಂತ್ರಿ, ಆಸ್ಥಾನದೊಳಗೆ ನೀರು! ರಾಜ್ಯದ ಕೆರೆಗಳೆಲ್ಲ ಕೋಡಿ ಬಿದ್ದವೇನು?" ಎಂದರು. ಮಂತ್ರಿಯೂ ಗಟ್ಟಿಗ. "ಪ್ರಭೂ, ಈ ಸಲ ಮಳೆ ಬೆಳೆ ಚೆನ್ನಾಗಿದೆ" ಎಂದ. ಚಪ್ಪಾಳೆ ಬಿತ್ತು, ಮರ್ಯಾದೆ ಉಳಿಯಿತು. ಅಪ್ಪ ಮಾತ್ರ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಐದನೇ ದಿನ, "ಬಣ್ಣ ಒಣಗಿದೆಯಾ ಅಂತ ಕಣ್ಣಿಂದ ನೋಡ್ಬಾರ್ದು, ಕೆನ್ನೆ ಇಟ್ಟು ನೋಡ್ಬೇಕು" ಎಂದರು. ಇವತ್ತಿಗೂ ಕೆನ್ನೆ ಇಟ್ಟೇ ನೋಡುತ್ತೇನೆ.

ಮದುವೆಯಾಗಿ ಹಾಸನಕ್ಕೆ ಬಂದೆ. ಗಂಡನದು ಸೈಕಲ್ ರಿಪೇರಿ ಅಂಗಡಿ. ಎದುರಿಗೆ ಜವರಪ್ಪ ಮಾಸ್ತರ ಪೋಸ್ಟರ್ ಅಂಗಡಿ. ಸಿನಿಮಾ ಬ್ಯಾನರು, ಸಭೆಯ ಪೋಸ್ಟರು, ಬಸ್ಸಿನ ಮೇಲಿನ ಅಕ್ಷರ, ಎಲ್ಲ ಅಲ್ಲೇ. ಪರದೆ ಬರೆದ ಕೈ ಎಂದು ಕೇಳಿ ನನ್ನನ್ನು ಸೇರಿಸಿಕೊಂಡರು. ಸೇರಿಸಿಕೊಂಡ ಮೇಲೆ ಮೂರು ವರ್ಷ ಬರೀ ಅಕ್ಷರ ಬರೆಸಿದರು.

ಶಾಂತಿಗ್ರಾಮದಲ್ಲಿ ಹೆದ್ದಾರಿ ಪಕ್ಕದ ಗೋಡೆಯೊಂದಕ್ಕೆ ಗೊಬ್ಬರದ ಅಂಗಡಿಯ ಜಾಹೀರಾತು ಬರೆದು ಬಂದೆ. ಎಂಟು ಸಾಲು, ನೆರಳು ಕೊಟ್ಟ ದುಂಡನೆಯ ಅಕ್ಷರ. ಮಾಸ್ತರು ಅದನ್ನು ನೋಡಲು ಬರಲಿಲ್ಲ. ನನ್ನನ್ನು ಚನ್ನರಾಯಪಟ್ಟಣದ ಬಸ್ಸು ಹತ್ತಿಸಿ, ಕಿಟಕಿ ಪಕ್ಕ ಕೂತು ನನ್ನ ಬೋರ್ಡನ್ನು ನಾನೇ ಓದಿಕೊಂಡು ಬರಲು ಹೇಳಿದರು. ವಾಪಸು ಬಂದಾಗ ಕೇಳಿದರು:

"ಎಷ್ಟು ಓದ್ದೆ?"

"ಮೂರು ಪದ, ಮಾಸ್ತರೇ. ಅಷ್ಟರಲ್ಲಿ ಬಸ್ಸು ಮುಂದೆ ಹೋಯ್ತು."

"ಬರ್ದೋಳಿಗೇ ಮೂರು ಪದ. ಇನ್ನು ಬ್ಯಾರೆಯೋರಿಗೆ? ಹೋಗಿ ಸುಣ್ಣ ಬಳ್ದು ಮೂರು ಪದ ಬರ್ದು ಬಾ."

ಹೋಗಿ ಬಳಿದೆ. ಅಳುತ್ತಲೇ ಬಳಿದೆ. ಮಾಸ್ತರ ಬಾಯಿ ಒರಟು, ಆದರೆ ಹೆಂಗಸು ಎಂದು ಕೆಲಸದಲ್ಲಿ ರಿಯಾಯಿತಿ ಕೊಡಲಿಲ್ಲ. ಅದಕ್ಕಾಗಿ ಅವರನ್ನು ನೆನೆಯುತ್ತೇನೆ.

ಸಮುದ್ರ ಮತ್ತೆ ನನ್ನ ಕೈಗೆ ಬಂದದ್ದು ಮೀನಿನ ಲಾರಿಯಿಂದ. ಮಂಗಳೂರು ಕಡೆಯಿಂದ ಐಸ್ ಹಾಕಿ ಮೀನು ತರುವ ಸಾಹೇಬರೊಬ್ಬರು ಲಾರಿಯ ಹಿಂದೆ ದೋಣಿ, ಸಮುದ್ರ ಬರೆಸಲು ಬಂದರು. ಮಾಸ್ತರಿಗೆ ಜ್ವರ, ನಾನು ಬರೆದೆ. ಸಾಹೇಬರು ಸುತ್ತ ಒಂದು ಸಲ ನಡೆದು ನೋಡಿ, ನಗುತ್ತಾ, "ಚೆನ್ನಾಗುಂಟು. ಆದ್ರೆ ಇದು ಸಮುದ್ರ ಅಲ್ಲ ತಂಗಿ, ಇದು ದೊಡ್ಡ ಕೆರೆ" ಎಂದರು. ಮುಂದಿನ ವಾರ ನನ್ನನ್ನೂ ನನ್ನ ಗಂಡನನ್ನೂ ಅದೇ ಲಾರಿಯಲ್ಲಿ ಕೂರಿಸಿಕೊಂಡು ಹೋಗಿ, ಅವರ ಮನೆಯಲ್ಲಿ ಮೂರು ದಿನ ಇಟ್ಟುಕೊಂಡರು. ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಮರಳಲ್ಲಿ ಕೂತು ನೋಡಿದೆ. ಅಲೆ ಎದ್ದು ಬರುವಾಗ ಅದರ ಬುಡದ ನೀರು ಹಿಂದಕ್ಕೆ ಹೋಗುತ್ತಿರುತ್ತದೆ. ಮೇಲೆ ಒಂದು ದಿಕ್ಕು, ಕೆಳಗೆ ಇನ್ನೊಂದು. ನನ್ನ ಪರದೆಗಳಲ್ಲಿ ಎಲ್ಲ ಒಂದೇ ದಿಕ್ಕಿಗೆ ಹೋಗುತ್ತಿತ್ತು, ಅದಕ್ಕೇ ಅದು ಕೆರೆಯಾಗಿತ್ತು. ವಾಪಸು ಬಂದು ಲಾರಿಯನ್ನು ಮತ್ತೆ ಬರೆದೆ.

ಆ ಲಾರಿ ಘಾಟಿ ಹತ್ತಿ ಇಳಿದು ನನ್ನ ಹೆಸರನ್ನು ಊರೂರಿಗೆ ಒಯ್ದಿತು. ಮೀನಿನ ಅಂಗಡಿ, ಹೋಟೆಲು, ಐಸ್‌ಕ್ರೀಮ್ ಗಾಡಿ, ಎಲ್ಲರಿಗೂ ಸಮುದ್ರವೇ ಬೇಕು. ಜನ 'ಸಮುದ್ರದ ಸರೋಜಮ್ಮ' ಎಂದು ಕರೆಯತೊಡಗಿದರು. ಮಾಸ್ತರು ತೀರಿಕೊಂಡ ಮೇಲೆ ಅಂಗಡಿಯನ್ನು ನಾನೇ ನಡೆಸಿದೆ.

ಚನ್ನರಾಯಪಟ್ಟಣದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಪ್ರಭಣ್ಣ ಹಿಂದಿನ ಗೋಡೆಗೆ ಸಮುದ್ರ ಬರೆಸಿದ. ಹೊಸ ಜೋಡಿಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು. ಹದಿನೈದು ದಿನಕ್ಕೆ ಅವನಿಂದ ಫೋನು. "ಅಕ್ಕ, ಸಮುದ್ರ ಸೂಪರ್. ಆದ್ರೆ ನೀರೂ ಆಕಾಶವೂ ಸೇರೋ ಗೆರೆ ಸರಿಯಾಗಿ ಮದುಮಗಳ ಕುತ್ತಿಗೆ ಮೇಲೆ ಬತ್ತದೆ. ಕತ್ತು ಕೊಯ್ದಂಗೆ ಕಾಣ್ತದೆ ಅಂತ ಒಬ್ರು ಫೋಟೋ ವಾಪಸ್ ಕೊಟ್ಟವ್ರೆ." ಹೋಗಿ ಅವನ ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ, ಅಳತೆ ಹಿಡಿದು, ಸಮುದ್ರವನ್ನು ಒಂದೂವರೆ ಅಡಿ ಇಳಿಸಿದೆ. ಚಿತ್ರದ ಮುಂದೆ ಮನುಷ್ಯರು ನಿಲ್ಲುತ್ತಾರೆ ಎನ್ನುವುದನ್ನು ಅಂದೇ ನಾನು ಪೂರ್ತಿ ಕಲಿಯಬೇಕಿತ್ತು. ಅರ್ಧ ಕಲಿತೆ.

ಆಮೇಲೆ ಫ್ಲೆಕ್ಸ್ ಬಂತು. ಅದರ ಬಗ್ಗೆ ಬೈದು ಬರೆಯುವುದಿಲ್ಲ. ನಾವು ನಾಲ್ಕು ದಿನ ಮಾಡುತ್ತಿದ್ದುದನ್ನು ಮೆಷಿನ್ನು ಒಂದು ಗಂಟೆಯಲ್ಲಿ ಮಾಡಿದರೆ ಗಿರಾಕಿ ಅಲ್ಲಿಗೇ ಹೋಗುತ್ತಾನೆ. ನಾನೂ ಕಂಪ್ಯೂಟರ್ ಕಲಿಯಲು ಹೋಗಿ, ಮೌಸಿನಲ್ಲಿ ಒಂದು ಅಲೆ ಎಳೆಯಲು ಬಾರದೆ ಎದ್ದು ಬಂದೆ. ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಟ್ಟೆ. ತಿಂಗಳುಗಟ್ಟಲೆ ಬಿಚ್ಚಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಹೇಳುವ ಕೆಲಸ ಬಂದಾಗ ನಾನು ಎಷ್ಟು ಹಸಿದಿದ್ದೆ ಎಂದು ನಿಮಗೆ ತಿಳಿಯಬೇಕು.

ಕೊಣನೂರಿನ ಆಚೆ, ಕಾವೇರಿ ದಂಡೆಯ ಒಂದು ಊರಿನ ಯಜಮಾನರು ಅಂಗಡಿ ಹುಡುಕಿಕೊಂಡು ಬಂದರು. ಅವರ ಊರ ಹತ್ತಿರ ಹೊಳೆ ತಿರುಗುವ ಕಡೆ ಒಂದು ಮಡು ಇದೆ. ಮೇಲೆ ನೋಡಿದರೆ ತಣ್ಣಗೆ ಮಲಗಿದ ನೀರು, ಒಳಗೆ ಸುಳಿ. ಹೊರಗಿನಿಂದ ಬರುವ ಹುಡುಗರು ಇಳಿದು ಸಾಯುತ್ತಾರೆ. ಎಚ್ಚರಿಕೆಯ ತಗಡು ಇದೆ, ಅದರ ಮೇಲೆ ಬಂದವರು ಅಂಗಿ ಒಣಹಾಕುತ್ತಾರೆ. "ಅಲ್ಲಿ ನೀರಿನ ಪಂಪ್‌ಹೌಸಿನ ದೊಡ್ಡ ಗೋಡೆ ಐತೆ. ಎಲ್ರಿಗೂ ಕಾಣೋ ಅಂಗೆ ಚಿತ್ರ ಬರ್ದುಕೊಡಿ ಸರೋಜಮ್ಮ. ನೀರು ಬರಿಯದ್ರಲ್ಲಿ ನಿಮ್ಮನ್ನ ಬುಟ್ರಿಲ್ಲ ಅಂತಾರೆ" ಎಂದರು.

ನಾಲ್ಕು ದಿನ ಬರೆದೆ. ಬೆಳಗಿನ ಬಿಸಿಲು ಮಡುವಿನ ಮೇಲೆ ಬೀಳುವುದನ್ನು ನೋಡಿಕೊಂಡೇ ಬರೆದೆ. ದಂಡೆಯ ಹತ್ತಿರ ಎಳೆ ಹಸಿರು, ನಡುವೆ ಕಡು ಹಸಿರು, ಆಳದಲ್ಲಿ ಕಪ್ಪು ನೀಲಿ, ಅದರೊಳಗೆ ತಿರುಗುವ ಸುಳಿ. ನನ್ನ ಜೀವನದಲ್ಲಿ ಅಂಥ ನೀರು ಮತ್ತೊಂದು ಬರೆದಿಲ್ಲ. ಅಕ್ಷರ ಚಿತ್ರಕ್ಕೆ ಅಡ್ಡ ಬರಬಾರದೆಂದು ಗೋಡೆಯ ಬುಡದಲ್ಲಿ ಒಂದೇ ಸಾಲು ಬರೆದೆ: 'ಎಚ್ಚರಿಕೆ. ಇಲ್ಲಿ ಸುಳಿ ಇದೆ. ನೀರಿಗೆ ಇಳಿಯಬಾರದು.'

ಅಲ್ಲಿ ಕಾಳಯ್ಯ ಎನ್ನುವವರು ಹೊಳೆಯಲ್ಲಿ ಬಲೆ ಹಾಕುತ್ತಿದ್ದರು. ಮುಳುಗಿದವರನ್ನು ತೆಗೆಯಲೂ ಊರವರು ಅವರನ್ನೇ ಕರೆಯುತ್ತಿದ್ದರು. ಕೊನೆಯ ದಿನ ತೆಪ್ಪ ದಡಕ್ಕೆ ಹಾಕಿ ಬಂದು ಬಹಳ ಹೊತ್ತು ಗೋಡೆ ನೋಡಿದರು.

"ಹೆಂಗೈತೆ ಕಾಳಯ್ಯ?"

"ಬಲು ಚೆಂದಾಗೈತೆ ಕಣವ್ವ. ನೋಡುದ್ರೆ ಇಳುದ್ಬುಡನಾ ಅನ್ನುಸ್ತದೆ."

ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಬಸ್ಸಿನಲ್ಲಿ ಹಾಸನದವರೆಗೂ ಆ ಮಾತನ್ನೇ ಮೆಲುಕು ಹಾಕಿದೆ.

ಗೋಡೆಯ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಅರಕಲಗೂಡಿನಿಂದ, ಹಾಸನದಿಂದ ಜನ ಭಾನುವಾರಗಳಲ್ಲಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಹೋಗತೊಡಗಿದರು. ಯಜಮಾನರು ಫೋನು ಮಾಡಿ ಖುಷಿಪಟ್ಟರು. ನಾನೂ ಖುಷಿಪಟ್ಟೆ. ಮಳೆಗಾಲಕ್ಕೆ ಮೊದಲು ಒಂದು ದಿನ ಪ್ರಭಣ್ಣನ ಫೋನು ಬಂತು. ಧ್ವನಿ ಎಂದಿನಂತಿರಲಿಲ್ಲ.

"ಅಕ್ಕ, ಒಂದು ಫೋಟೋ ದೊಡ್ಡದು ಮಾಡೋಕೆ ಬಂದೈತೆ. ಹಾರ ಹಾಕಕ್ಕೆ. ಹಿಂದ್ಗಡೆ ಇರೋದು ನಿಮ್ಮ ಗೋಡೆ."

ಹುಡುಗನ ಹೆಸರು ಚೇತನ್. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವನು. ಮೂವರು ಗೆಳೆಯರ ಜೊತೆ ನನ್ನ ಚಿತ್ರ ನೋಡಲು ಹೋಗಿದ್ದ. ಫೋಟೋ ತೆಗೆಸಿಕೊಂಡು, ಅಲ್ಲಿಂದ ನೇರ ಮಡುವಿಗೆ ಇಳಿದ. ಕಾಳಯ್ಯನೇ ತೆಗೆದರಂತೆ.

ಮೂರು ವಾರ ಮನೆಯಲ್ಲಿ ಕೂತೆ. ಗಂಡ, "ನೀನೇನು ನೂಕಿದ್ಯಾ? ಬರ್ದೇ ಇದ್ಯಲ್ಲ ಇಳೀಬ್ಯಾಡಿ ಅಂತ" ಎಂದು ಸಮಾಧಾನ ಮಾಡಿದರು. ಹೊಳೆದಂಡೆಯ ಆ ಊರಿನವರು ಯಾರೂ ಒಂದು ಮಾತು ಅನ್ನಲಿಲ್ಲ. ಅನ್ನದೆ ಇದ್ದದ್ದಕ್ಕೇ ನನಗೆ ತಡೆಯಲಾಗಲಿಲ್ಲ. ಪ್ರಭಣ್ಣನಿಂದ ಹುಡುಗನ ಊರಿನ ಹೆಸರು ತಿಳಿದುಕೊಂಡು ಒಂದು ಬೆಳಿಗ್ಗೆ ಬಸ್ಸು ಹತ್ತಿದೆ.

ಚೇತನ್‌ನ ತಾಯಿ ಜಯಮ್ಮ ಡೈರಿಗೆ ಹಾಲು ಹಾಕಿ ಆಗತಾನೆ ಬಂದಿದ್ದರು. ಕ್ಯಾನು ತೊಳೆಯುತ್ತಾ, "ಯಾವ ಆಪೀಸಿಂದ ಬಂದ್ರಿ?" ಎಂದು ಕೇಳಿದರು. ಆಫೀಸಿನವಳಲ್ಲ ಎಂದೆ. ಒಳಗೆ ಕರೆದರು. ನಡುಮನೆಯ ಗೋಡೆಯಲ್ಲಿ ಫೋಟೋ ಇತ್ತು. ನಾಲ್ವರೂ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದರು.

"ಇವನೊಬ್ಬನ್ನೇ ಇಟ್ಟು ಮಿಕ್ಕೋರ್ನ ಕತ್ತರುಸ್ತೀನಿ ಅಂದ್ರು ಸ್ಟುಡಿಯೋದೋರು. ನಾನೇ ಬ್ಯಾಡ ಅಂದೆ. ಆ ಹುಡುಗ್ರ ಕೈ ಕತ್ತರ್ಸುದ್ರೆ ಇವನ ಹೆಗ್ಲೂ ಹೋಯ್ತದಲ್ಲ" ಎಂದರು ಜಯಮ್ಮ. ಫೋಟೋ ಕಡೆ ಕೈ ತೋರಿಸಿ ಮತ್ತೆ ಹೇಳಿದರು, "ನೀರು ಎಷ್ಟು ಚೆಂದಾಗೈತೆ ನೋಡಿ. ನಾನು ಹೊಳೇನೇ ಅನ್ಕಂಡಿದ್ದೆ. ಗೋಡೆ ಅಂತ ಆಮ್ಯಾಕೆ ಗೊತ್ತಾಯ್ತು."

"ಅದನ್ನ ಬರೆದೋಳು ನಾನು ಜಯಮ್ಮ" ಎಂದೆ.

ಅವರು ಎದ್ದು ಹೋಗಿ ಫೋಟೋದ ಮುಂದೆ ನಿಂತರು.

"ಅದು ಎಚ್ಚರಿಕೆ ಬೋರ್ಡು ಅಂದ್ರು ಪೊಲೀಸ್ನೋರು. ಎಚ್ಚರಿಕೆ ಎಲ್ಲೈತೆ?"

ನಾನೂ ಹೋಗಿ ನೋಡಿದೆ. ಗೋಡೆಯ ಬುಡದ ಸಾಲಿಗೆ ಅಡ್ಡವಾಗಿ ಎಂಟು ಕಾಲುಗಳು. ನನ್ನ ಅಕ್ಷರಗಳೆಲ್ಲ ಅವುಗಳ ಹಿಂದೆ ಮುಚ್ಚಿಹೋಗಿದ್ದವು. ಚೇತನ್‌ನ ಎರಡು ಕಾಲುಗಳ ನಡುವೆ ಒಂದೇ ಒಂದು ಅಕ್ಷರ ಪೂರ್ತಿ ಕಾಣುತ್ತಿತ್ತು. 'ಇಳಿಯಬಾರದು' ಎಂಬುದರ ನಡುವಿನ ಅಕ್ಷರ.

ಜಯಮ್ಮ ಅದರ ಮೇಲೆ ಬೆರಳಿಟ್ಟು ಓದಿದರು. "ಬಾ."

ಹೊರಗೆ ಹಸು ಕೂಗಿತು. ಅವರು ಹೋಗಿ ಹುಲ್ಲು ಹಾಕಿ ಬಂದರು. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಬಿದ್ದರೆ ನನ್ನನ್ನು ಸಮಾಧಾನ ಮಾಡುವ ಕೆಲಸವೂ ಅವರ ಮೇಲೇ ಬೀಳುತ್ತದೆ ಎಂದು ಸುಮ್ಮನಿದ್ದೆ.

"ನೀವು ಬೇಕು ಅಂತ ಮಾಡಿಲ್ಲ" ಎಂದರು ಜಯಮ್ಮ ಕೊನೆಗೆ. "ಅಂಗಂತ ನಿಮ್ದೇನೂ ಇಲ್ಲ ಅಂತ ಹೇಳಕ್ಕೂ ನನ್ಕೈಲಿ ಆಗಲ್ಲ. ಅದುನ್ನ ಅಂಗೇ ಬುಡಬ್ಯಾಡಿ. ಅಷ್ಟೇ."

ಕಾಫಿ ಕೊಡಲಿಲ್ಲ. ಆದರೆ ಹೊರಟಾಗ ಬಸ್ಸು ನಿಲ್ಲುವ ಜಾಗದವರೆಗೆ ಜೊತೆಯಲ್ಲಿ ಬಂದರು.

ಮರುದಿನವೇ ಬಿಳಿ ಬಣ್ಣದ ಡಬ್ಬಿಗಳೊಂದಿಗೆ ಕೊಣನೂರಿನ ಬಸ್ಸು ಹತ್ತಿದೆ. ಯಜಮಾನರು ತಡೆದರು. "ಊರಿಗೆ ಹೆಸ್ರು ತಂದ ಚಿತ್ರ ಸರೋಜಮ್ಮ. ಕೆಳಗೆ ಅಕ್ಷರ ದೊಡ್ಡದು ಮಾಡಿದ್ರೆ ಸಾಕಲ್ವಾ?" ಎಂದರು. ಸುತ್ತ ನಿಂತವರೂ ಹೌದೆಂದರು. ನಿಜ ಹೇಳಬೇಕೆಂದರೆ ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಅಂಥ ನೀರು ಇನ್ನೊಂದು ಸಲ ನನ್ನ ಕೈಯಲ್ಲಿ ಬರುವುದಿಲ್ಲ ಎಂದು ಗೊತ್ತಿತ್ತು. ಕಾಳಯ್ಯ ದಂಡೆಯಲ್ಲಿ ಬಲೆ ಹೊಲಿಯುತ್ತಾ ಕೂತಿದ್ದರು. ಅವರ ಹತ್ತಿರ ಹೋದೆ.

"ನೀವು ಇಲ್ಲಿಂದ ಎತ್ತಿದ್ದೀರಲ್ಲ ಕಾಳಯ್ಯ, ಅವರೆಲ್ಲ ಎಂಥವರು?"

"ಎಲ್ಲಾ ಈಜು ಬರೋರೇ ಕಣವ್ವ" ಎಂದರು ಕಾಳಯ್ಯ, ತಲೆ ಎತ್ತದೆ. "ಈಜು ಬರದೇ ಇರೋನು ಮಂಡಿಗಂಟ ಇಳುದು ನಿಂತ್ಕತಾನೆ, ಅವ್ನಿಗೇನೂ ಆಗಲ್ಲ. ಬರ್ತದೆ ಅನ್ನೋನೇ ನಡೂಕ್ ಓಗೋದು. ಆ ಹುಡ್ಗಾನೂ ಚೆನ್ನಾಗೇ ಈಜ್ತಿದ್ನಂತೆ."

ನಾನು ವಾಪಸು ಬಂದು ಬಿಳಿ ಡಬ್ಬಿ ಬಿಚ್ಚಿದೆ. ಯಜಮಾನರು ಇನ್ನೊಂದು ಮಾತು ಆಡಲು ಬಂದರು. ಕಾಳಯ್ಯ ಕೂತಲ್ಲಿಂದಲೇ, "ಬುಡಿ ಗೌಡ್ರೇ. ಎತ್ತೋನು ನಾನಲ್ವಾ" ಎಂದರು. ಯಜಮಾನರು ಪಕ್ಕಕ್ಕೆ ಸರಿದರು.

ಮೊದಲ ಸಲ ಬಳಿದಾಗ ನೀರು ಹಾಗೇ ಕಾಣುತ್ತಿತ್ತು. ಎರಡನೇ ಸಲಕ್ಕೂ ಸುಳಿಯ ಕಪ್ಪು ಮೇಲೆ ಬರುತ್ತಿತ್ತು. ಮೂರನೆಯ ಸಲಕ್ಕೆ ಹೋಯಿತು. ಗೋಡೆ ಒಣಗಿದ ಮೇಲೆ ಆ ಊರಿನಲ್ಲಿ ಎಲ್ಲರಿಗಿಂತ ಎತ್ತರದ ಗಂಡಸನ್ನು ಕರೆಸಿ, ಗೋಡೆಗೆ ಬೆನ್ನು ಕೊಟ್ಟು ಕೈ ಮೇಲೆತ್ತಿ ನಿಲ್ಲಲು ಹೇಳಿದೆ. ಅವನ ಬೆರಳ ತುದಿಗೆ ಗೆರೆ ಹಾಕಿ, ಅದಕ್ಕಿಂತ ಎತ್ತರದಲ್ಲಿ ಎರಡು ಸಾಲು ಬರೆದೆ. ಕಪ್ಪು ಬಣ್ಣ, ನೆರಳಿಲ್ಲ, ದುಂಡಿಲ್ಲ, ಒಂದೊಂದು ಅಕ್ಷರ ಒಂದೂವರೆ ಅಡಿ.

'ಇಲ್ಲಿ ಮುಳುಗಿದವರಿಗೆ ಈಜು ಬರುತ್ತಿತ್ತು.'

ಅದರ ಕೆಳಗೆ, ಅಷ್ಟೇ ದಪ್ಪಗೆ: 'ಇಳಿಯಬೇಡಿ.'

'ಬಾರದು' ಎಂಬ ಪದವನ್ನು ಅಂದಿನಿಂದ ಯಾವ ಗೋಡೆಗೂ ಬರೆದಿಲ್ಲ. ಮೂಲೆಯಲ್ಲಿ ನನ್ನ ಹೆಸರನ್ನೂ ಹಾಕಲಿಲ್ಲ. ಪೋಸ್ಟರ್ ಕೆಲಸದಲ್ಲಿ ಇಷ್ಟು ವರ್ಷ ಇದ್ದು ನನಗೆ ತಿಳಿದದ್ದು ಇಷ್ಟು: ನಿಮ್ಮ ಕೈಗೆ ಏನು ಚೆನ್ನಾಗಿ ಬರುತ್ತದೋ ಅದನ್ನು ಎಲ್ಲ ಗೋಡೆಗೂ ಹಾಕಲು ಹೋಗಬೇಡಿ. ಮೊದಲು ಆ ಗೋಡೆ ಯಾರಿಗೆ, ಅವರು ಎಲ್ಲಿ ನಿಲ್ಲುತ್ತಾರೆ, ನಿಂತು ಏನು ಮಾಡುತ್ತಾರೆ ಎಂದು ಕೇಳಿಕೊಳ್ಳಿ. ಇದನ್ನು ಓದಿ ತಿಳಿದುಕೊಳ್ಳುವುದು ಸುಲಭ. ನಾನು ತಿಳಿದುಕೊಂಡ ದಾರಿ ಯಾರಿಗೂ ಬೇಡ.

ಜಯಮ್ಮನವರಿಗೆ ಪ್ರಭಣ್ಣನ ಮೂಲಕ ಹೇಳಿ ಕಳುಹಿಸಿದೆ. ಅವರಿಂದ ಏನೂ ಉತ್ತರ ಬರಲಿಲ್ಲ, ನಾನೂ ಕಾಯಲಿಲ್ಲ. ಹೊಳೆ ಉದ್ದ, ಎಲ್ಲ ಕಡೆಯದೂ ನನಗೆ ಗೊತ್ತಿಲ್ಲ. ಆ ಮಡುವಿನಲ್ಲಿ ಅಲ್ಲಿಂದ ಈಚೆಗೆ ಬಲೆಗೆ ಮೀನು ಬಿಟ್ಟು ಬೇರೇನೂ ಬಿದ್ದಿಲ್ಲ ಎಂದು ಕಾಳಯ್ಯ ಹೇಳುತ್ತಾರೆ.

ಮಂಡಿ ಕೈಕೊಡುವ ಮೊದಲು, ಮಾಸಿದ ಅಕ್ಷರಕ್ಕೆ ಬಣ್ಣ ತುಂಬಲು ಕೊನೆಯ ಸಲ ಅಲ್ಲಿಗೆ ಹೋಗಿದ್ದೆ. ಕೆಲಸ ಮುಗಿಸಿ ಪಂಪ್‌ಹೌಸಿನ ನೆರಳಲ್ಲಿ ಕೂತು ಬುತ್ತಿ ಬಿಚ್ಚುವಾಗ ಒಂದು ಕಾರು ಬಂದು ನಿಂತಿತು. ಐದು ಜನ ಹುಡುಗರು, ಹೆಗಲ ಮೇಲೆ ಟವೆಲ್ಲು. ಗೋಡೆಯ ಮುಂದೆ ನಿಂತು ಒಬ್ಬ ಗಟ್ಟಿಯಾಗಿ ಓದಿದ. ಇನ್ನೊಬ್ಬ, "ಏನ್ಲಾ ಇದು, ಹಿಂಗೆ ಬರ್ದವ್ರೆ" ಎಂದ. ಮತ್ತೊಬ್ಬ ಮಡುವಿನ ಕಡೆ ನೋಡಿದ. ಸ್ವಲ್ಪ ಹೊತ್ತು ಅವರವರಲ್ಲೇ ಚರ್ಚೆಯಾಯಿತು. ಆಮೇಲೆ ಮೇಲ್ಗಡೆ ಹೆಂಗಸರು ಬಟ್ಟೆ ಒಗೆಯುವ ಕಡೆಗೆ ನಡೆದುಹೋಗಿ, ಬಂಡೆಯ ಮೇಲೆ ಸಾಲಾಗಿ ಕೂತು ಮಂಡಿವರೆಗೆ ಕಾಲು ಇಳಿಬಿಟ್ಟರು.

ಗೋಡೆಯ ಫೋಟೋ ಯಾರೂ ತೆಗೆಯಲಿಲ್ಲ.